ನೋಡೋದು ಬೇರೆ, ಮೆಚ್ಚೋದು ಬೇರೆ: ಪಾಕಿಸ್ತಾನಿ ಡ್ರಾಮಾ ಮಾಡುವವರಿಗೆ ಒಂದು ಬಹಿರಂಗ ಪತ್ರ

ಕರಾಚಿ, ಲಾಹೋರ್, ಇಸ್ಲಾಮಾಬಾದಿನ ಟಿವಿ ಚಾನೆಲ್‌ಗಳ ಕಥಾ ವಿಭಾಗದ ಮುಖ್ಯಸ್ಥರಿಗೆ, ಡ್ರಾಮಾ ನಿರ್ಮಾಪಕರಿಗೆ, ಮತ್ತು ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಪೆಮ್ರಾದ ಅಧಿಕಾರಿಗಳಿಗೆ,

ವಿಷಯ: ನೋಡುಗರ ರುಚಿ ಬದಲಾಗಿದೆ, ದಯವಿಟ್ಟು ಕೇಳಿಸಿಕೊಳ್ಳಿ ಎಂಬ ಕೋರಿಕೆ.

ಮಾನ್ಯರೇ,

ನಾನು ಕಲಬುರಗಿಯವಳು. 16 ವರ್ಷದಿಂದ ಶಾರ್ಜಾದಲ್ಲಿದ್ದೇನೆ. ನಮ್ಮ ಎದುರು ಫ್ಲ್ಯಾಟಿನಲ್ಲಿ ಕರಾಚಿಯ ಕುಟುಂಬವೊಂದಿದೆ. ಆ ಮನೆಯ ಹಿರಿಯರನ್ನು ನಾನು ಆಪಾ ಅಂತ ಕರೆಯುತ್ತೇನೆ. ನಿಮ್ಮಲ್ಲಿ ರಾತ್ರಿ ಎಂಟಾದಾಗ ನಮ್ಮಲ್ಲಿ ಏಳು. ಅಷ್ಟು ಹೊತ್ತಿಗೆ ನನ್ನ ಅಡುಗೆ ಮುಗಿದಿರುತ್ತದೆ. ವಾರಕ್ಕೆ ಎರಡು ಸಂಜೆಯಾದರೂ ಅವರ ಮನೆಯಲ್ಲಿ ಕೂತು ನಿಮ್ಮ ಡ್ರಾಮಾ ನೋಡುತ್ತೇವೆ. ಆಪಾ, ಅವರ ಮಗಳು, ನಾನು, ಕೆಲವೊಮ್ಮೆ ಮೇಲಿನ ಮಹಡಿಯ ಇನ್ನಿಬ್ಬರು.

ಕಲಬುರಗಿಯ ಬಜಾರಿನಲ್ಲಿ ದಖನಿ ಕೇಳಿಕೊಂಡು ಬೆಳೆದವಳಿಗೆ ನಿಮ್ಮ ಉರ್ದು ದೂರದ್ದಲ್ಲ. ಕೇಳಿದರೆ ಅರ್ಥವಾಗುತ್ತದೆ, ಬರೆಯಲು ಬರುವುದಿಲ್ಲ. ಹಾಗಾಗಿ ಈ ಪತ್ರ ಕನ್ನಡದಲ್ಲಿದೆ. ನಾನು ಬಾಯಲ್ಲಿ ಹೇಳಿದ್ದನ್ನು ಆಪಾ ಮಗಳು ಉರ್ದುವಿನಲ್ಲಿ ಬರೆದುಕೊಂಡು ನಿಮಗೆ ಕಳಿಸುತ್ತಾಳೆ. ಕನ್ನಡದಲ್ಲೇ ಎಲ್ಲರೂ ಓದುವ ಹಾಗೆ ಇಡುವುದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಡ್ರಾಮಾ ನೋಡುವ ಕನ್ನಡದವರು ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಇದ್ದಾರೆ. ಅವರಿಗೂ ಹೇಳುವುದಿರಬಹುದು.

ನನ್ನ ದೂರು ಒಂದೇ. ಹೊಡೆಯುವ ಗಂಡ, ಅಳುವ ಹೆಂಡತಿ, ವಿಷ ಕಾರುವ ಅತ್ತೆ ಇವನ್ನೇ ಯಾಕೆ ತೋರಿಸುತ್ತೀರಿ ಅಂತ ಕೇಳಿದರೆ ಜನ ಇದನ್ನೇ ನೋಡುತ್ತಾರೆ ಅನ್ನುತ್ತೀರಿ. ಟಿಆರ್‌ಪಿ ತೋರಿಸುತ್ತೀರಿ, ಯೂಟ್ಯೂಬಿನ ಲೆಕ್ಕ ತೋರಿಸುತ್ತೀರಿ. ಲೆಕ್ಕ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮೂರಿನ ಶರಣಬಸವೇಶ್ವರ ಜಾತ್ರೆಯಲ್ಲಿ ಇಬ್ಬರು ಕೈಕೈ ಮಿಲಾಯಿಸಿದರೆ ನೂರು ಜನ ನಿಂತು ನೋಡುತ್ತಾರೆ. ಹಾಗಂತ ಮುಂದಿನ ವರ್ಷ ಜಾತ್ರೆಯಲ್ಲಿ ಹೊಡೆದಾಟ ಇಡಿಸಿ ಅಂತ ಯಾರೂ ಕೇಳುವುದಿಲ್ಲ ಅಲ್ವಾ? ನೋಡೋದು ಬೇರೆ, ಮೆಚ್ಚೋದು ಬೇರೆ. ನಿಮ್ಮ ಲೆಕ್ಕದಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ.

ನಿಮ್ಮದೇ ಹಳೆಯ ಕೆಲಸವನ್ನು ನೆನಪಿಸುತ್ತೇನೆ. ಆಪಾ ಹೇಳಿದ್ದು, ಆಮೇಲೆ ನಾನೇ ಒಂದೊಂದಾಗಿ ಹುಡುಕಿ ನೋಡಿದ್ದು. 1964ರ ನವೆಂಬರಿನಲ್ಲಿ ಲಾಹೋರಿನಿಂದ ನಿಮ್ಮ ಸರ್ಕಾರಿ ಟಿವಿ, ಪಿಟಿವಿ, ಶುರುವಾಯಿತು. 1979ರಲ್ಲಿ 'ವಾರಿಸ್' ಬರುವಾಗ ಬೀದಿಗಳು ಖಾಲಿಯಾಗುತ್ತಿದ್ದವು ಅಂತ ಆಪಾ ಇವತ್ತಿಗೂ ಹೇಳುತ್ತಾರೆ. 1985ರಲ್ಲಿ ಹಸೀನಾ ಮೊಯಿನ್ ಬರೆದ 'ತನ್ಹಾಯಿಯಾಂ' ಬಂತು. ತಂದೆತಾಯಿ ಕಳೆದುಕೊಂಡ ಅಕ್ಕತಂಗಿಯರು. ಅಕ್ಕ ಝಾರಾ ದುಡಿಯುತ್ತಾಳೆ, ಕೈತಪ್ಪಿದ ಮನೆಯನ್ನು ಮತ್ತೆ ಕೊಳ್ಳಬೇಕು ಅನ್ನುವ ಹಠ ಅವಳದು. ತಂಗಿ ಸಾನಿಯಾ ಮನೆ ತುಂಬ ನಗು ಹರಡುತ್ತಾಳೆ. ಒಟ್ಟು 13 ಕಂತು. ಅಷ್ಟರಲ್ಲೇ ಸಾವು, ದುಡ್ಡು, ಮೋಹ, ಪಶ್ಚಾತ್ತಾಪ ಎಲ್ಲ ಬಂದುಹೋಗುತ್ತದೆ. 1987ರ 'ಧೂಪ್ ಕಿನಾರೆ'ಯ ಡಾಕ್ಟರ್ ಝೋಯಾ ಆಸ್ಪತ್ರೆಯಲ್ಲಿ ತಪ್ಪು ಮಾಡುತ್ತಾಳೆ, ಬೈಸಿಕೊಳ್ಳುತ್ತಾಳೆ, ಎದುರುತ್ತರ ಕೊಡುತ್ತಾಳೆ, ಕೆಲಸ ಕಲಿಯುತ್ತಾಳೆ. ಅವಳನ್ನು ಯಾರೂ ಕಪಾಳಕ್ಕೆ ಹೊಡೆದು ಪ್ರೀತಿ ಕಲಿಸಲಿಲ್ಲ.

ಇವು ಬಂದದ್ದು ಯಾವ ಕಾಲದಲ್ಲಿ ಅನ್ನುವುದನ್ನು ಗಮನಿಸಿ. ಜನರಲ್ ಜಿಯಾ ಉಲ್ ಹಕ್ ಆಳ್ವಿಕೆ. ಟಿವಿಯಲ್ಲಿ ಹೆಂಗಸರು ತಲೆ ಮೇಲೆ ಸೆರಗು ಹಾಕಬೇಕು ಅಂತ ಆದೇಶವಿದ್ದ ಕಾಲ. ಅಷ್ಟು ಬಿಗಿಯಲ್ಲೂ ನಿಮ್ಮ ಲೇಖಕಿಯರು ತಮ್ಮ ಕಾಲ ಮೇಲೆ ನಿಂತ ಹೆಣ್ಣುಮಕ್ಕಳನ್ನು ಬರೆದರು. ಈಗ ಹತ್ತಾರು ಚಾನೆಲ್‌ಗಳಿವೆ, ಒಳ್ಳೆಯ ಕ್ಯಾಮೆರಾ ಇದೆ, ದುಡ್ಡಿದೆ. ಆದರೆ ಝಾರಾಳಂಥವಳನ್ನು ಕಾಣಬೇಕಾದರೆ ಒಂದೊಂದು ಸಲ ವರ್ಷಗಟ್ಟಲೆ ಕಾಯುತ್ತೇವೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ.

ಫಾತಿಮಾ ಸುರಯ್ಯಾ ಬಜಿಯಾ ಅವರನ್ನೂ ಇಲ್ಲಿ ನೆನೆಯಬೇಕು. 'ಶಮಾ', 'ಅಫ್ಶಾನ್', 'ಅರೂಸಾ' ಬರೆದವರು. ಅವರು ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದಲ್ಲಿ. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ಸಂಸ್ಥಾನದೊಳಗಿದ್ದವು. ಅವರ ಡ್ರಾಮಾಗಳ ದೊಡ್ಡ ಮನೆ, ಮಾತಿನ ವರಸೆ, ಮದುವೆ ಮನೆಯ ಗಲಾಟೆ ನೋಡಿದರೆ ನಮ್ಮ ಕಡೆಯ ಹಳೆಯ ಮನೆಗಳೇ ಕಣ್ಣ ಮುಂದೆ ಬರುತ್ತವೆ. ನಿಮ್ಮ ಡ್ರಾಮಾ ನನಗೆ ಪರದೇಶದ್ದು ಅನ್ನಿಸದೆ ಇರುವುದಕ್ಕೆ ಇದೂ ಒಂದು ಕಾರಣ.

ಕಲಬುರಗಿಯಲ್ಲಿ ನಮ್ಮ ಅವ್ವ ಮೊದಲ ಸಲ ನಿಮ್ಮ ಡ್ರಾಮಾ ನೋಡಿದ್ದು 2014ರಲ್ಲಿ. ಆ ಜೂನಿನಲ್ಲಿ ಭಾರತದಲ್ಲಿ ಜಿಂದಗಿ ಚಾನೆಲ್ ಶುರುವಾಗಿ 'ಜಿಂದಗಿ ಗುಲ್ಜಾರ್ ಹೈ' ಹಾಕಿದರು. ಕಶಫ್ ಅನ್ನುವ ಬಡ ಮನೆಯ ಹುಡುಗಿ ಓದಿ ಅಧಿಕಾರಿಯಾಗುವ ಕಥೆ. ಅವ್ವ ಫೋನಿನಲ್ಲಿ, "ಎಷ್ಟ್ ಚಂದ ಮಾತಾಡ್ತಾರವ್ವ, ಒಬ್ಬರೂ ಚೀರಾಡಂಗಿಲ್ಲ" ಅಂದಿದ್ದು ನೆನಪಿದೆ. ಇನ್ನೊಂದು ಖುಷಿ ಅಂದರೆ ಕಥೆ ತಿಂಗಳೊಳಗೆ ಮುಗಿಯಿತು. ನಮ್ಮ ಕನ್ನಡದ ದಿನದ ಧಾರಾವಾಹಿಗಳು ಸಾವಿರ ಕಂತು ದಾಟುವುದನ್ನು ಕಂಡವರಿಗೆ ಅದು ದೊಡ್ಡ ಸಮಾಧಾನ. 2016ರ ಸೆಪ್ಟೆಂಬರಿನಲ್ಲಿ ಉರಿ ದಾಳಿಯ ನಂತರ ಆ ಚಾನೆಲ್ಲಿನಲ್ಲಿ ನಿಮ್ಮ ಡ್ರಾಮಾ ಬರುವುದು ನಿಂತಿತು. 2025ರಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ ನಿಮ್ಮ ಯೂಟ್ಯೂಬ್ ಚಾನೆಲ್‌ಗಳೂ ಅಲ್ಲಿ ಮುಚ್ಚಿದವು. ಅದು ಎರಡು ಸರ್ಕಾರಗಳ ವಿಷಯ, ಈ ಪತ್ರದ್ದಲ್ಲ. ಅವ್ವ ಮೆಚ್ಚಿದ್ದು ಏನನ್ನು ಅಂತ ನಿಮಗೆ ಗೊತ್ತಾಗಲಿ ಅಂತ ಹೇಳಿದೆ. ಮೆಲುದನಿ, ಓದಿದ ಹುಡುಗಿ, ಬೇಗ ಮುಗಿಯುವ ಕಥೆ.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಆಪಾ ಒಪ್ಪಿಗೆ ಕೊಟ್ಟ ಮೇಲೆ ಬರೆಯುತ್ತಿದ್ದೇನೆ.

ಒಂದು ಈದ್ ರಜೆಯಲ್ಲಿ ಅವರ ತಂಗಿಯ ಮಗಳು ಬಂದಿದ್ದಳು. ಮದುವೆ ಗೊತ್ತಾಗಿತ್ತು. ಎಲ್ಲರೂ ಕೂತು ಆಗ ಬರುತ್ತಿದ್ದ ಒಂದು ಡ್ರಾಮಾ ನೋಡುತ್ತಿದ್ದೆವು. ನಾಯಕ ಸಿಟ್ಟಿನಲ್ಲಿ ನಾಯಕಿಯ ಮಣಿಕಟ್ಟು ಹಿಡಿದು ತಿರುಚುತ್ತಾನೆ. ಬಳೆ ಒಡೆಯುತ್ತವೆ. ಹಿನ್ನೆಲೆಯಲ್ಲಿ ಪ್ರೀತಿಯ ಹಾಡು. ಹುಡುಗಿ ನಿಟ್ಟುಸಿರು ಬಿಟ್ಟು, ಎಷ್ಟು ಪ್ರೀತಿಸುತ್ತಾನೆ ನೋಡಿ ಅಂದಳು. ಆಪಾ ಟಿವಿಯ ದನಿ ಪೂರ್ತಿ ಇಳಿಸಿದರು. ತಮ್ಮ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟಿನ ಹತ್ತಿರ ಇರುವ ಹಳೆಯ ಗಾಯದ ಗುರುತು ತೋರಿಸಿದರು. "ನನ್ನ ಬಳೆಯೂ ಹೀಗೇ ಒಡೆದಿತ್ತು ಬೇಟಾ. ಆಗ ಯಾವ ಹಾಡೂ ಕೇಳಿಸಲಿಲ್ಲ" ಅಂದರು. ಹತ್ತು ವರ್ಷ ಅವರ ಎದುರು ಮನೆಯಲ್ಲಿದ್ದರೂ ಆ ಗುರುತು ಎಲ್ಲಿಂದ ಬಂತು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಸಂಜೆ ನಾವು ಡ್ರಾಮಾ ಮುಂದುವರಿಸಲಿಲ್ಲ. ಆದರೆ ನಾವು ನೋಡಿದ್ದಷ್ಟು ನಿಮ್ಮ ಲೆಕ್ಕಕ್ಕೆ ಸೇರಿತ್ತು. ಆ ಲೆಕ್ಕದಲ್ಲಿ ಆಪಾ ದನಿ ಇಳಿಸಿದ್ದು ಇಲ್ಲ.

ನೋಡುಗರು ಸುಮ್ಮನಿದ್ದರು ಅಂತ ಹೇಳಬೇಡಿ. 2019ರ 'ಮೇರೆ ಪಾಸ್ ತುಮ್ ಹೋ' ನೆನಪಿಸಿಕೊಳ್ಳಿ. ಬಿಟ್ಟುಹೋದ ಹೆಂಡತಿಗೆ ಗಂಡ ಎರಡು ಕಾಸಿನ ಬೆಲೆ ಕಟ್ಟಿದ ಮಾತಿಗೆ ಅರ್ಧ ಜನ ಚಪ್ಪಾಳೆ ತಟ್ಟಿದರು. ಇನ್ನರ್ಧ ಜನ, ಹೆಚ್ಚಾಗಿ ಹೆಂಗಸರು, ಸಿಟ್ಟಾದರು. ಕೊನೆಯ ಕಂತು ತಡೆಯಿರಿ ಅಂತ ಲಾಹೋರಿನಲ್ಲಿ ಕೋರ್ಟಿಗೂ ಹೋದರು. 2020ರ ಜನವರಿ 25ರಂದು ಆ ಕಂತು ಟಿವಿಯ ಜೊತೆಗೆ ಸಿನಿಮಾ ಮಂದಿರಗಳಲ್ಲೂ ಓಡಿತು. ನೀವು ಮಂದಿರ ತುಂಬಿದ್ದನ್ನು ಲೆಕ್ಕ ಹಿಡಿದಿರಿ. ಕೋರ್ಟಿಗೆ ಹೋದದ್ದನ್ನು ಹಿಡಿದಂತೆ ಕಾಣಲಿಲ್ಲ.

2023ರ ಮೇ ತಿಂಗಳಲ್ಲಿ 'ತೇರೆ ಬಿನ್' ವಿಷಯ ಬಂತು. ಮೀರಬ್, ಮುರ್ತಸಿಮ್ ಜೋಡಿಯನ್ನು ಜನ ಹುಚ್ಚರಂತೆ ಹಚ್ಚಿಕೊಂಡಿದ್ದರು. ಗಂಡ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದ ಅಂತ ಅರ್ಥವಾಗುವ ಹಾಗೆ ಒಂದು ಕಂತು ಮುಗಿಸಿದಿರಿ. ಆಗ ಸಿಡಿದೆದ್ದವರು ಯಾರು? ಆ ಜೋಡಿಯ ಅಭಿಮಾನಿಗಳೇ. ಆಪಾ ಮಗಳೂ ಅವರಲ್ಲೊಬ್ಬಳು. ಅಲ್ಲಿಯವರೆಗೆ ಮುರ್ತಸಿಮ್ ಪರವಾಗಿ ನನ್ನ ಜೊತೆ ಜಗಳ ಆಡುತ್ತಿದ್ದವಳು ಆ ರಾತ್ರಿ ಊಟ ಮಾಡಲಿಲ್ಲ. ಮುಂದಿನ ಕಂತಿನಲ್ಲಿ ಮಾತು ಬದಲಾಗಿತ್ತು, ನಡೆದದ್ದು ಇಬ್ಬರ ಒಪ್ಪಿಗೆಯಿಂದ ಅನ್ನುವ ಅರ್ಥ ಬರಿಸಿದ್ದಿರಿ. ಜನ ಹೇಳಿದರೆ ನೀವು ಒಂದು ವಾರದೊಳಗೆ ಬದಲಿಸಬಲ್ಲಿರಿ ಅಂತ ಆಗ ತಿಳಿಯಿತು. ಆದರೆ ತೇಪೆ ಹಚ್ಚಿದಿರಿ, ಕಥೆ ತಿದ್ದಲಿಲ್ಲ. ಬರೆಯುವ ಮೇಜಿನ ಹತ್ತಿರ ಇದು ಸರಿಯಾ ಅಂತ ಕೇಳುವವರು ಒಬ್ಬರಾದರೂ ಇದ್ದಿದ್ದರೆ ಅದು ಚಿತ್ರೀಕರಣದವರೆಗೆ ಹೋಗುತ್ತಲೇ ಇರಲಿಲ್ಲ.

ರುಚಿ ಬದಲಾಗಿದೆ ಅನ್ನುವುದಕ್ಕೆ ನಿಮ್ಮದೇ ಗೆಲುವುಗಳು ಸಾಕ್ಷಿ. 2024ರ 'ಕಭಿ ಮೈಂ ಕಭಿ ತುಮ್' ತೆಗೆದುಕೊಳ್ಳಿ. ಮುಸ್ತಫಾಗೆ ಕೆಲಸವಿಲ್ಲ, ಗೇಮ್ ಆಡುವುದು ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. ಅಣ್ಣ ಮದುವೆ ಮುರಿದುಕೊಂಡು ಹೋದಾಗ ಶರ್ಜೀನಾಳನ್ನು ಅವನು ಮದುವೆಯಾಗುತ್ತಾನೆ. ಆಮೇಲೆ ಮನೆ ಬಿಟ್ಟು ಬಂದು ಇಬ್ಬರೂ ಸಣ್ಣ ಬಾಡಿಗೆ ಮನೆಯಲ್ಲಿ ದುಡಿದು ಬದುಕುತ್ತಾರೆ. ಹೆಂಡತಿಯ ದುಡಿಮೆಗೆ ಅವನಿಗೆ ಅವಮಾನವಿಲ್ಲ. ಅವಳ ಮಾತು ಕೇಳಿಸಿಕೊಳ್ಳುತ್ತಾನೆ. ಅಷ್ಟೇ ಅವನ ದೊಡ್ಡತನ. ಅಷ್ಟಕ್ಕೇ ಜನ ಅವನನ್ನು ತಲೆ ಮೇಲೆ ಹೊತ್ತರು. ನವೆಂಬರ್ 5ರ ಕೊನೆಯ ಕಂತಿಗೆ ಮತ್ತೆ ಸಿನಿಮಾ ಮಂದಿರಗಳಲ್ಲಿ ಜನ. ಮಂದಿರ ತುಂಬಲು ಹೊಡೆತ ಬೇಕಾಗಿಲ್ಲ ಅನ್ನುವುದಕ್ಕೆ ಇನ್ನೇನು ಪುರಾವೆ ಬೇಕು? ಮುರ್ತಸಿಮ್ ಪರ ವಾದಿಸುತ್ತಿದ್ದ ಆಪಾ ಮಗಳು ಈಗ, ಗಂಡ ಅಂದರೆ ಮುಸ್ತಫಾ ತರಹ ಇರಬೇಕು ಅನ್ನುತ್ತಾಳೆ. ನಡುವೆ ಒಂದೂವರೆ ವರ್ಷ ಮಾತ್ರ ಕಳೆದಿತ್ತು.

ಕಷ್ಟದ ವಿಷಯ ಎತ್ತಬೇಡಿ ಅಂತಲೂ ನಾನು ಕೇಳುತ್ತಿಲ್ಲ. 2016ರ 'ಉಡಾರಿ'ಯಲ್ಲಿ ಮಲತಂದೆಯಿಂದ ಮಗುವಿಗೆ ಆಗುವ ದೌರ್ಜನ್ಯವನ್ನು ತೋರಿಸಿದಿರಿ. ಮಗುವಿನ ಕಡೆ ನಿಂತು ತೋರಿಸಿದಿರಿ. ಅದಕ್ಕೇ ತಾಯಂದಿರು ಅದನ್ನು ಮಕ್ಕಳ ಜೊತೆ ಕೂತು ನೋಡಲು ಸಾಧ್ಯವಾಯಿತು. 2025ರಲ್ಲಿ 'ಜಮಾ ತಕ್ಸೀಮ್' ಕೂಡು ಕುಟುಂಬದೊಳಗೆ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳವನ್ನು ಎತ್ತಿತು. ನಮ್ಮ ಆ ಕೋಣೆಯಲ್ಲಿ ಕೂತಿದ್ದ ಐದು ಹೆಂಗಸರಲ್ಲಿ ಮೂವರು ತಮ್ಮ ತಮ್ಮ ಮನೆಯ ಮಾತು ತೆಗೆದರು. ಅದೇ ವರ್ಷದ 'ಕೇಸ್ ನಂಬರ್ 9' ಅತ್ಯಾಚಾರದ ದೂರು ಕೊಟ್ಟ ಹೆಂಗಸು ಕೋರ್ಟಿನಲ್ಲಿ ಏನೇನು ಎದುರಿಸಬೇಕು ಅಂತ ತೋರಿಸಿತು. ನೋವು ತೋರಿಸಿದ್ದಕ್ಕೆ ಯಾರೂ ಬೈಯಲಿಲ್ಲ. ನೋವಿಗೆ ಪ್ರೀತಿ ಅಂತ ಹೆಸರಿಟ್ಟಾಗ ಬೈಯುತ್ತಾರೆ.

ಕಥೆ ಎಳೆಯುವುದರ ಬಗ್ಗೆಯೂ ಹೇಳಲೇಬೇಕು. 'ಹಮ್‌ಸಫರ್' 23 ಕಂತಿನಲ್ಲಿ ಮುಗಿದಿತ್ತು. 'ತೇರೆ ಬಿನ್' 58ಕ್ಕೆ ಹೋಯಿತು. ಮೊನ್ನೆ ಒಂದು ಡ್ರಾಮಾದಲ್ಲಿ ನಾಯಕಿ ಮೆಟ್ಟಿಲಿಳಿಯುತ್ತಿದ್ದಳು. ನಾನು ಎದ್ದು ಹೋಗಿ ಚಹಾ ಸೋಸಿಕೊಂಡು ಬಂದೆ. ಅವಳು ಇನ್ನೂ ಅದೇ ಮೆಟ್ಟಿಲ ಮೇಲಿದ್ದಳು, ಶೀರ್ಷಿಕೆ ಗೀತೆ ಎರಡನೇ ಚರಣಕ್ಕೆ ಬಂದಿತ್ತು. ಹಿಂದಿನ ವಾರದ ದೃಶ್ಯ ಈ ವಾರ ಮತ್ತೆ, ಅದೇ ಅಳು ಮೂರು ಕಡೆಯ ಕ್ಯಾಮೆರಾದಲ್ಲಿ. ಒಳ್ಳೆಯ ನಟಿ ನಿಜವಾಗಿ ಅತ್ತ ಒಂದು ಗಳಿಗೆಯನ್ನು ಹತ್ತು ಸಲ ತೋರಿಸಿ ನೀರು ಮಾಡಿಬಿಡುತ್ತೀರಿ. ಜಾಹೀರಾತು ಜಾಸ್ತಿ ಬರುತ್ತದೆ, ಅದು ಗೊತ್ತು. ಕಥೆಯ ಜೀವ ಹೋಗುತ್ತದೆ, ಅದೂ ನಿಮಗೆ ಗೊತ್ತಿರಬೇಕು.

ಪೆಮ್ರಾದವರಿಗೆ ಒಂದು ಮಾತು. 'ಉಡಾರಿ'ಗೆ ನೀವು ನೋಟಿಸು ಕೊಟ್ಟಿರಿ. 2021ರ ಅಕ್ಟೋಬರಿನಲ್ಲಿ ಡ್ರಾಮಾಗಳಲ್ಲಿ ಅಪ್ಪುಗೆಯ ದೃಶ್ಯ ಬೇಡ ಅಂತ ಚಾನೆಲ್‌ಗಳಿಗೆ ತಿಳಿಸಿದಿರಿ, ಗಂಡ ಹೆಂಡತಿಯ ಆಪ್ತತೆಯೂ ಅದರಲ್ಲಿ ಸೇರಿತ್ತು. ನಿಮ್ಮ ಸಮಾಜದ ಮರ್ಯಾದೆ ಏನು ಅಂತ ನಾನು ಹೊರಗಿನವಳು ಹೇಳಲಾರೆ. ಆದರೆ ಆಪಾ ಹೊರಗಿನವರಲ್ಲ. ಗಂಡ ಹೆಂಡತಿಯನ್ನು ಅಪ್ಪಿಕೊಂಡರೆ ಮಕ್ಕಳು ಕೆಡುತ್ತಾರೆ, ಹೊಡೆದರೆ ಕೆಡುವುದಿಲ್ಲವಾ ಅಂತ ಅವರು ಕೇಳುತ್ತಾರೆ. ಈ ಪ್ರಶ್ನೆಗೆ ನಿಮ್ಮ ಉತ್ತರ ಬೇಕು. 2023ರಲ್ಲಿ ನೀವು 'ಹಾದಸಾ' ನಿಲ್ಲಿಸಿದ್ದನ್ನು ನಾವು ಒಪ್ಪಿದ್ದೆವು. ಹೆದ್ದಾರಿಯಲ್ಲಿ ನಿಜವಾಗಿ ಒಬ್ಬ ತಾಯಿಗೆ ಆದ ಘೋರವನ್ನು ಅದು ಕಣ್ಣ ಮುಂದೆ ತಂದಿತ್ತು, ನೋಡುಗರೇ ಬೇಡ ಅಂದಿದ್ದರು. ಅಂದರೆ ಜನರ ಮಾತು ನಿಮಗೂ ಕೇಳಿಸುತ್ತದೆ.

ನನ್ನ ಕೋರಿಕೆಗಳಿಗೆ ಬರುತ್ತೇನೆ. ಹೆಂಡತಿಗೆ ಹೊಡೆದ ಗಂಡನನ್ನು ಕೊನೆಯ ಕಂತಿನಲ್ಲಿ ನಾಯಕ ಮಾಡಬೇಡಿ. ಅವನು ಬದಲಾದ ಅಂತ ತೋರಿಸಲೇಬೇಕಾದರೆ ಹೇಗೆ ಬದಲಾದ, ಎಷ್ಟು ದಿನ ಹಿಡಿಯಿತು, ಅವಳು ಯಾಕೆ ಮರಳಿದಳು ಅಂತ ತೋರಿಸಿ. ಮರಳದೆ ಇರುವ ಹಕ್ಕೂ ಅವಳಿಗಿರಲಿ. ಹೊಡೆತದ ದೃಶ್ಯಕ್ಕೆ ಪ್ರೀತಿಯ ಹಾಡು ಹಾಕುವುದನ್ನಂತೂ ಇವತ್ತೇ ನಿಲ್ಲಿಸಬಹುದು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ಡ್ರಾಮಾ ಎಷ್ಟು ಕಂತು ಅಂತ ಮೊದಲ ದಿನವೇ ಹೇಳಿ, ಆ ಮಾತಿಗೆ ನಿಲ್ಲಿ.

ಲೇಖಕಿಯರ ಮೇಲೆ ನಂಬಿಕೆ ಇಡಿ. ಉಮೇರಾ ಅಹ್ಮದ್, ಫರ್ಹತ್ ಇಶ್ತಿಯಾಕ್ ಬಂದದ್ದು ಹೆಂಗಸರು ಓದುವ ಮಾಸಿಕ ಡೈಜೆಸ್ಟ್‌ಗಳಿಂದ. 'ಹಮ್‌ಸಫರ್', 'ಉಡಾರಿ', 'ಕಭಿ ಮೈಂ ಕಭಿ ತುಮ್' ಮೂರನ್ನೂ ಬರೆದದ್ದು ಒಬ್ಬರೇ ಫರ್ಹತ್. 'ಹಮ್‌ಸಫರ್'ನಲ್ಲಿ ಅತ್ತೆಯ ಸಂಚಿಗೆ ಸಿಕ್ಕಿ ಮನೆಯಿಂದ ಹೊರಬಿದ್ದ ಖಿರದ್‌ಗೂ ಶರ್ಜೀನಾಗೂ ನಡುವೆ 13 ವರ್ಷದ ಅಂತರವಿದೆ. ಬರೆಯುವವರು ಕಾಲದ ಜೊತೆ ನಡೆದಿದ್ದಾರೆ. ಅವರಿಗೆ ದಾರಿ ಬಿಡಿ, ಮೂವತ್ತು ಕಂತಿನ ಕಥೆಯನ್ನು ಐವತ್ತು ಮಾಡಿಕೊಡಿ ಅಂತ ಪೀಡಿಸಬೇಡಿ.

ಕಳೆದ ವರ್ಷ ನಾವು ಐದು ಜನ ಸೇರಿ ಒಂದು ಚಾನೆಲ್ಲಿಗೆ ಉರ್ದುವಿನಲ್ಲಿ ಪತ್ರ ಬರೆದಿದ್ದೆವು. ಹೆಸರು ಹೇಳುವುದಿಲ್ಲ, ಒಬ್ಬರನ್ನೇ ನಿಲ್ಲಿಸಿ ಬೈಯುವ ಉದ್ದೇಶ ನನಗಿಲ್ಲ. ಧನ್ಯವಾದ, ನೋಡುತ್ತಿರಿ ಅನ್ನುವ ಎರಡು ಸಾಲಿನ ಉತ್ತರ ಬಂತು. ಪತ್ರವನ್ನು ಯಾರೂ ಓದಿರಲಿಲ್ಲ ಅಂತ ಅದರಿಂದಲೇ ಗೊತ್ತಾಯಿತು. ಆಪಾ ಆ ಉತ್ತರವನ್ನು ಎರಡು ಸಲ ಓದಿ, ಮಡಚಿ, ಕಪಾಟಿನಲ್ಲಿ ಇಟ್ಟರು. ಅವರು 1979ರಿಂದ ನಿಮ್ಮ ನೋಡುಗರು. ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಲ್ಲಬೇಕು.

ಅದಕ್ಕೆ ಕೊನೆಯ ಕೋರಿಕೆ ಇದು. ನಿಮ್ಮ ಕಥಾ ವಿಭಾಗದಲ್ಲಿ ನೋಡುಗರ ಪತ್ರ ಓದುವುದಕ್ಕೆ ಒಬ್ಬರನ್ನು ಇಡಿ. ಲೆಕ್ಕ ಹಿಡಿಯುವವರ ಪಕ್ಕದ ಕುರ್ಚಿಯಲ್ಲೇ ಅವರು ಕೂರಲಿ. ಮುಂದಿನ ಡ್ರಾಮಾಗೆ ಒಪ್ಪಿಗೆ ಕೊಡುವ ಮೊದಲು ಇಬ್ಬರ ಮಾತನ್ನೂ ಕೇಳಿ.

ಉತ್ತರ ಬರೆಯುವುದಾದರೆ ಉರ್ದುವಿನಲ್ಲೇ ಬರೆಯಿರಿ. ಆಪಾ ನನಗೆ ಓದಿ ಹೇಳುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಕಲಬುರಗಿಯಿಂದ ಬಂದು ಶಾರ್ಜಾದಲ್ಲಿ ನೆಲೆಸಿದ ಒಬ್ಬ ವೀಕ್ಷಕಿ